ಓಂಬುಡ್ಸ್‌ಮನ್ ಯಾರ ಮುಖತ್ಯಾರ?

ಪ್ರಶ್ನೆ: ಬ್ಯಾಂಕಿನ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿಯನ್ನು ‘ಓಂಬುಡ್ಸ್‌ಮನ್’ ಎನ್ನುತ್ತಾರಲ್ಲ, ಅದು ಇಂಗ್ಲಿಷ್ ಪದವೇ? ಕೊನೆಯ ‘ಮನ್’ ಎಂದರೆ ಗಂಡಸು ಎಂದೇ?

ಉತ್ತರ: ಇಂಗ್ಲಿಷ್ ಇದನ್ನು ಸ್ವೀಡಿಷ್‌ನಿಂದ ಎರವಲು ಪಡೆಯಿತು. ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್, ಐಸ್‌ಲೆಂಡಿಕ್ ಭಾಷೆಗಳಿಗೆ ತಾಯಿಯಾದ ಹಳೆಯ ನಾರ್ಸ್‌ನಲ್ಲಿ ‘ಉಂಬೋದ್’ ಎಂದರೆ ತನ್ನ ಪರವಾಗಿ ನಡೆದುಕೊಳ್ಳಲು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಅಧಿಕಾರ. ಅದನ್ನು ಹೊತ್ತವನು ಉಂಬೋದ್ಸ್‌ಮದ್ರ್. ಆಸ್ತಿ ವ್ಯವಹಾರಗಳಲ್ಲಿ ನಾವು ಬಳಸುವ ‘ಮುಖತ್ಯಾರ’ ಎಂಬ ಮಾತು ಇದಕ್ಕೆ ತೀರ ಹತ್ತಿರವಾದುದು. ದೂರು ಕೇಳುವುದಕ್ಕೂ ಈ ಮೂಲಾರ್ಥಕ್ಕೂ ಸಂಬಂಧವೇ ಇಲ್ಲ. ಮಧ್ಯಯುಗದಲ್ಲಿ ರಾಜನ ಪರವಾಗಿ ಆಡಳಿತ ನೋಡುತ್ತಿದ್ದವರನ್ನೂ ಹೀಗೆಯೇ ಕರೆಯುತ್ತಿದ್ದರು.

ಅರ್ಥ ಹೊರಳಿದ್ದು ಸ್ವೀಡನ್ನಿನಲ್ಲಿ. ರಷ್ಯದ ವಿರುದ್ಧದ ಪೋಲ್ಟಾವಾ ಯುದ್ಧದಲ್ಲಿ ಸೋತು ಆಟೊಮನ್ (ತುರ್ಕಿ) ನಾಡಿನಲ್ಲಿ ಆಶ್ರಯ ಪಡೆದಿದ್ದ ಸ್ವೀಡನ್ನಿನ ರಾಜ ಹನ್ನೆರಡನೆಯ ಚಾರ್ಲ್ಸ್, ದೂರದ ತನ್ನ ರಾಜ್ಯದ ಅಧಿಕಾರಿಗಳು ಕಾನೂನಿನಂತೆ ನಡೆಯುತ್ತಿದ್ದಾರೆಯೇ ಎಂದು ನೋಡಿಕೊಳ್ಳಲು 1713ರಲ್ಲಿ ‘ಪರಮೋಚ್ಚ ಓಂಬುಡ್ಸ್‌ಮನ್’ ಎಂಬ ಹುದ್ದೆಯನ್ನು ಸೃಷ್ಟಿಸಿದ. ಆತನೂ ರಾಜನ ಮುಖತ್ಯಾರನೇ. 1809ರ ಸಂವಿಧಾನವು ನ್ಯಾಯಾಧೀಶರ ಮತ್ತು ಅಧಿಕಾರಿಗಳ ಮೇಲೆ ಕಣ್ಣಿಡುವ ಓಂಬುಡ್ಸ್‌ಮನ್ನನನ್ನು ಸಂಸತ್ತೇ ಆರಿಸಬೇಕೆಂದು ವಿಧಿಸಿತು. ಹುದ್ದೆಗಿಂತ ಹೆಚ್ಚಾಗಿ, ಮುಖತ್ಯಾರಿಕೆ ಕೊಡುವ ಯಜಮಾನ ಬದಲಾದನೆಂಬುದೇ ಇಲ್ಲಿ ಮುಖ್ಯ ಎಂದು ನನಗೆ ತೋರುತ್ತದೆ. ಡೆನ್ಮಾರ್ಕಿನಲ್ಲಿ ಸಂಸತ್ತಿನ ಓಂಬುಡ್ಸ್‌ಮನ್ ಕೆಲಸ ಆರಂಭಿಸಿದ್ದು 1955ರಲ್ಲಿ.

ಹಳೆಯ ಅರ್ಥವೇನೂ ಸತ್ತಿಲ್ಲ. ಸ್ವೀಡನ್ನಿನಲ್ಲಿ ಕಾರ್ಮಿಕ ಸಂಘದ ವೇತನ ಪಡೆಯುವ ಪದಾಧಿಕಾರಿಯೂ ಓಂಬುಡ್ಸ್‌ಮನ್ನನೇ. ಡ್ಯಾನಿಷ್‌ನಲ್ಲಿ ‘ಓಂಬುಡ್’ ಎಂಬುದು ನಾಗರಿಕನು ನಿರಾಕರಿಸಲಾಗದ ಸಾರ್ವಜನಿಕ ಕರ್ತವ್ಯಕ್ಕೂ ಸಲ್ಲುತ್ತದೆ. ಐಸ್‌ಲೆಂಡಿನಲ್ಲಂತೂ ಕಲಾವಿದರ ಏಜೆಂಟನೂ ‘ಉಂಬೋದ್ಸ್‌ಮಾದುರ್’, ಕಾರು ಮಾರುವ ಡೀಲರ್ ಸಂಸ್ಥೆಯೂ ‘ಉಂಬೋದ್’!

ಇನ್ನು ‘ಮನ್’ ವಿಚಾರ. ಹಳೆಯ ನಾರ್ಸ್‌ನ ‘ಮದ್ರ್’ ಎಂಬುದಕ್ಕೆ ಮನುಷ್ಯ ಎಂಬ ಅರ್ಥವೂ ಇತ್ತು, ಐಸ್‌ಲೆಂಡಿಕ್‌ನಲ್ಲಿ ಈಗಲೂ ಇದೆ. ಸ್ವೀಡನ್ನಿನಲ್ಲಿ ಮಹಿಳೆಯರೂ ಇದೇ ಪದನಾಮದಲ್ಲಿ ಅಧಿಕಾರ ನಡೆಸಿದ್ದಾರೆ. ಆದರೆ ಇಂದಿನ ಕಿವಿಗೆ ಅದು ಗಂಡಸು ಎಂದೇ ಕೇಳಿಸುವುದರಿಂದ ನಾರ್ವೆಯವರು ಬೇರೆ ದಾರಿ ಹಿಡಿದರು: 1981ರಲ್ಲಿ ಮಕ್ಕಳಿಗಾಗಿ ತೆರೆದ ಕಚೇರಿಗೆ ಬರಿಯ ‘ಓಂಬುಡ್’ ಎಂದೇ ಹೆಸರಿಟ್ಟರು, 2021ರಲ್ಲಿ ಸಂಸತ್ತಿನ ಓಂಬುಡ್ಸ್‌ಮನ್ನನ ಹೆಸರಿನಿಂದಲೂ ‘ಮನ್’ ಅನ್ನು ತೆಗೆದುಹಾಕಿದರು.