ಒಂದೇ ವರ್ಷ ಇಬ್ಬರು ಮಿಸ್ ಇಂಡಿಯಾ ಹೇಗೆ?

ಓದುಗರ ಪ್ರಶ್ನೆ: 2022ರಲ್ಲಿ ಸಿನಿ ಶೆಟ್ಟಿ ಮಿಸ್ ಇಂಡಿಯಾ ಆದರು ಅಂತ ಓದಿದ್ದೆ. ಅದೇ ವರ್ಷದ ಮಿಸ್ ಯೂನಿವರ್ಸ್‌ಗೆ ಹೋಗಿದ್ದು ಮಾತ್ರ ದಿವಿತಾ ರೈ. ಇಬ್ಬರೂ ಕರ್ನಾಟಕದ ಪರ ಸ್ಪರ್ಧಿಸಿದವರೇ. ಇವರಲ್ಲಿ ನಿಜವಾದ ಮಿಸ್ ಇಂಡಿಯಾ ಯಾರು?

ಇಬ್ಬರೂ ನಿಜವೇ. ಈ ಗೊಂದಲ ತುಂಬಾ ಜನರಿಗಿದೆ, ಯಾಕಂದ್ರೆ ಮಿಸ್ ಇಂಡಿಯಾ ಅಂದ ಕೂಡಲೇ ಅದು ಸರ್ಕಾರ ಕೊಡುವ ಬಿರುದು, ವರ್ಷಕ್ಕೆ ಒಬ್ಬರಿಗೆ ಮಾತ್ರ ಸಿಗುತ್ತೆ ಅಂದುಕೊಳ್ಳುತ್ತೇವೆ. ಸರ್ಕಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮಿಸ್ ಯೂನಿವರ್ಸ್, ಮಿಸ್ ವರ್ಲ್ಡ್ ಎರಡೂ ಬೇರೆ ಬೇರೆ ಖಾಸಗಿ ಸಂಸ್ಥೆಗಳು. ಬೈಕ್ ಕಂಪನಿ ಊರಿಗೊಂದು ಡೀಲರ್‌ಶಿಪ್ ಕೊಟ್ಟ ಹಾಗೆ, ಅವು ಒಂದೊಂದು ದೇಶದಲ್ಲಿ ಒಬ್ಬರಿಗೆ ಲೈಸೆನ್ಸ್ ಕೊಡುತ್ತವೆ. ಯಾರ ಕೈಯಲ್ಲಿ ಲೈಸೆನ್ಸ್ ಇದೆಯೋ ಅವರು ಇಲ್ಲಿ ಸ್ಪರ್ಧೆ ನಡೆಸಿ, ಗೆದ್ದವರನ್ನು ಅಲ್ಲಿಗೆ ಕಳಿಸುತ್ತಾರೆ. ಇಷ್ಟು ತಿಳಿದುಕೊಂಡರೆ ಉಳಿದ ಇತಿಹಾಸ ಸಲೀಸು.

ಮೊದಲ ಮಿಸ್ ಇಂಡಿಯಾ ಅಂತ ಸಾಮಾನ್ಯವಾಗಿ ಹೇಳೋದು 1947ರಲ್ಲಿ ಗೆದ್ದ ನಟಿ ಪ್ರಮೀಳಾ ಅವರ ಹೆಸರು. ಅವರ ನಿಜವಾದ ಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ, ಕೋಲ್ಕತ್ತಾದ ಯಹೂದಿ ಕುಟುಂಬದವರು. 1967ರಲ್ಲಿ ಅವರ ಮಗಳು ನಕೀ ಜಹಾನ್ ಕೂಡ ಮಿಸ್ ಇಂಡಿಯಾ ಆದರು. ಇನ್ನು 1952ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಮೊಟ್ಟಮೊದಲ ಮಿಸ್ ಯೂನಿವರ್ಸ್ ನಡೆದಾಗ ಭಾರತದಿಂದ ಹೋದವರು ಇಂದ್ರಾಣಿ ರಹಮಾನ್. ಭರತನಾಟ್ಯ, ಒಡಿಸ್ಸಿಯಲ್ಲಿ ದೊಡ್ಡ ಹೆಸರು. ಆಗಲೇ ಅವರಿಗೆ ಮದುವೆಯಾಗಿ ಮಗು ಇತ್ತು! ಆಮೇಲೆ ಬಂದ ನಿಯಮಗಳಲ್ಲಿ ಮದುವೆಯಾದವರಿಗೆ, ತಾಯಂದಿರಿಗೆ ಬಾಗಿಲು ಮುಚ್ಚಿತು. ಮಿಸ್ ಯೂನಿವರ್ಸ್‌ನವರು ಅದನ್ನು ಮತ್ತೆ ತೆರೆದಿದ್ದು 2023ರಲ್ಲಿ. ಎಪ್ಪತ್ತು ವರ್ಷ ಬೇಕಾಯಿತು, ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ.

ಒಂದೇ ವರ್ಷ ಇಬ್ಬರು ಅನ್ನೋದು ಶುರುವಾಗಿದ್ದು ಎರಡು ಮಹಿಳಾ ಪತ್ರಿಕೆಗಳಿಂದ. ಈವ್ಸ್ ವೀಕ್ಲಿ ತನ್ನ ಸ್ಪರ್ಧೆ ನಡೆಸಿ ಮಿಸ್ ವರ್ಲ್ಡ್‌ಗೆ ಕಳಿಸುತ್ತಿತ್ತು. 1964ರಿಂದ ಫೆಮಿನಾ ತನ್ನದೇ ಸ್ಪರ್ಧೆ ಶುರುಮಾಡಿ ಮಿಸ್ ಯೂನಿವರ್ಸ್‌ಗೆ ಕಳಿಸತೊಡಗಿತು. ಮೊದಲು ಗೆದ್ದವರು ಮೆಹರ್ ಕ್ಯಾಸ್ಟೆಲಿನೊ ಮಿಸ್ತ್ರಿ. 1966 ನೋಡಿ. ಫೆಮಿನಾ ಗೆದ್ದ ಯಾಸ್ಮಿನ್ ದಾಜಿ ಮಿಸ್ ಯೂನಿವರ್ಸ್‌ನಲ್ಲಿ ಮೂರನೇ ರನ್ನರ್ ಅಪ್ ಆದರು. ಅದೇ ವರ್ಷ ಈವ್ಸ್ ವೀಕ್ಲಿ ಗೆದ್ದ ರೀಟಾ ಫಾರಿಯಾ, ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ, ಲಂಡನ್‌ಗೆ ಹೋಗಿ ಮಿಸ್ ವರ್ಲ್ಡ್ ಕಿರೀಟವನ್ನೇ ತಂದರು. ಏಷ್ಯಾಕ್ಕೆ ಆ ಕಿರೀಟ ಬಂದಿದ್ದು ಅದೇ ಮೊದಲು. ಒಂದು ವರ್ಷ ಮಿಸ್ ವರ್ಲ್ಡ್ ಆಗಿ ಓಡಾಡಿ, ಸಿನಿಮಾ ಕಡೆ ತಲೆ ಹಾಕದೆ ಮತ್ತೆ ಓದಿಗೆ ಹೋಗಿ ಡಾಕ್ಟರ್ ಆದರು. ಇವರ ಬಗ್ಗೆ ನಾವು ಮಾತಾಡೋದು ತುಂಬಾ ಕಡಿಮೆ.

ಮುಂದೆ ಈವ್ಸ್ ವೀಕ್ಲಿ ಸ್ಪರ್ಧೆ ನಿಂತು ಎರಡೂ ಲೈಸೆನ್ಸ್ ಫೆಮಿನಾ ಬಳಿ ಸೇರಿದವು. ಆ ಕಾಲದ್ದೇ 1994ರ ಗೋವಾ ಕಥೆ. ಕೊನೆಯ ಸುತ್ತಿನಲ್ಲಿ ಸುಶ್ಮಿತಾ ಸೇನ್, ಐಶ್ವರ್ಯಾ ರೈ ಇಬ್ಬರ ಅಂಕವೂ ಸಮ. ತೀರ್ಪುಗಾರರು ಒಂದೊಂದು ಪ್ರಶ್ನೆ ಜಾಸ್ತಿ ಕೇಳಬೇಕಾಯಿತು. ಇತಿಹಾಸದ ಯಾವ ಘಟನೆ ಬದಲಾಯಿಸುತ್ತೀರಿ ಅಂತ ಕೇಳಿದಾಗ ಸುಶ್ಮಿತಾ ಹೇಳಿದ್ದು ಇಂದಿರಾ ಗಾಂಧಿಯವರ ಸಾವು. ಮಿಸ್ ಇಂಡಿಯಾ ಸುಶ್ಮಿತಾ ಪಾಲಾಯಿತು, ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ಎರಡನೆಯವರಾದರು. ಆಮೇಲೆ ಸುಶ್ಮಿತಾ ಮನಿಲಾದಲ್ಲಿ ಮಿಸ್ ಯೂನಿವರ್ಸ್, ಐಶ್ವರ್ಯಾ ದಕ್ಷಿಣ ಆಫ್ರಿಕಾದಲ್ಲಿ ಮಿಸ್ ವರ್ಲ್ಡ್. ಹಾಗಾಗಿ ರನ್ನರ್ ಅಪ್ ಅಂದ್ರೆ ಸುಮ್ನೆ ಸೋತವರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2000ರಲ್ಲಂತೂ ಲಾರಾ ದತ್ತಾ, ಪ್ರಿಯಾಂಕಾ ಚೋಪ್ರಾ, ದಿಯಾ ಮಿರ್ಜಾ ಒಂದೇ ವೇದಿಕೆಯಿಂದ ಹೊರಟು ಮಿಸ್ ಯೂನಿವರ್ಸ್, ಮಿಸ್ ವರ್ಲ್ಡ್, ಮಿಸ್ ಏಷ್ಯಾ ಪೆಸಿಫಿಕ್ ಮೂರನ್ನೂ ಗೆದ್ದು ಬಂದರು.

ಆಮೇಲೆ ಮತ್ತೆ ದಾರಿ ಬೇರೆಯಾಯಿತು. 2010ರಿಂದ 2012ರವರೆಗೆ ಮಿಸ್ ಯೂನಿವರ್ಸ್ ಲೈಸೆನ್ಸ್ ಸುಶ್ಮಿತಾ ನಡೆಸಿದ ‘ಐ ಆ್ಯಮ್ ಶೀ’ ಬಳಿ ಇತ್ತು. 2013ರಲ್ಲಿ ಫೆಮಿನಾದವರೇ ಅದಕ್ಕಂತಲೇ ‘ಮಿಸ್ ದಿವಾ’ ಶುರುಮಾಡಿದರು. 2021ರ ಮಿಸ್ ಯೂನಿವರ್ಸ್ ಹರ್ನಾಜ್ ಸಂಧು ಬಂದಿದ್ದು ಅಲ್ಲಿಂದ, ನೀವು ಕೇಳಿದ ದಿವಿತಾ ಕೂಡ. ಸಿನಿ ಗೆದ್ದಿದ್ದು ಫೆಮಿನಾ ಮಿಸ್ ಇಂಡಿಯಾ ವರ್ಲ್ಡ್. ಅಂದ್ರೆ ಒಂದೇ ಸಂಸ್ಥೆಯ ಎರಡು ಸ್ಪರ್ಧೆ, ಅಷ್ಟೇ.

2024ರಿಂದ ಮಿಸ್ ಯೂನಿವರ್ಸ್ ಲೈಸೆನ್ಸ್ ಗ್ಲಾಮಾನಂದ್ ಸಂಸ್ಥೆಗೆ ಹೋಗಿದೆ. ಅಲ್ಲಿ ಗೆದ್ದವರಿಗೆ ‘ಮಿಸ್ ಯೂನಿವರ್ಸ್ ಇಂಡಿಯಾ’ ಅಂತಾರೆ. ಇನ್ನೊಂದು ವಿಷಯ, ಗೆದ್ದ ವರ್ಷವೇ ವಿದೇಶಕ್ಕೆ ಹೋಗಬೇಕು ಅಂತೇನಿಲ್ಲ: 2022ರಲ್ಲಿ ಗೆದ್ದ ಸಿನಿ ಮಿಸ್ ವರ್ಲ್ಡ್ ವೇದಿಕೆ ಹತ್ತಿದ್ದು 2024ರ ಮಾರ್ಚ್‌ನಲ್ಲಿ, ಅದೂ ಮುಂಬೈಯಲ್ಲೇ. 2023ರಲ್ಲಿ ಗೆದ್ದ ನಂದಿನಿ ಗುಪ್ತಾ ಹೈದರಾಬಾದ್‌ನಲ್ಲಿ ಸ್ಪರ್ಧಿಸಿದ್ದು 2025ರಲ್ಲಿ. ಹಾಗಾಗಿ ಸುದ್ದಿಯಲ್ಲಿ ಬರೀ ಮಿಸ್ ಇಂಡಿಯಾ ಅಂತ ಕಂಡರೆ ಯಾವ ಸ್ಪರ್ಧೆ, ಯಾವ ವರ್ಷದ್ದು ಅಂತ ಎರಡನ್ನೂ ನೋಡಿಕೊಳ್ಳಿ.