ಪ್ಯಾರಾ ಅಂದರೆ ಎಷ್ಟು ಸಾಲು?

ಡಿಗ್ರಿ ಮೊದಲ ವರ್ಷದ ತರಗತಿಯಲ್ಲಿ ಪ್ರಬಂಧ ಬರೆಯಿರಿ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: "ಮೇಡಂ, ಒಂದು ಪ್ಯಾರಾಕ್ಕೆ ಎಷ್ಟು ಸಾಲು ಇರಬೇಕು?" ತಪ್ಪು ಅವರದಲ್ಲ. ಐದು ಮಾರ್ಕಿಗೆ ಒಂದು ಪುಟ, ಹತ್ತು ಮಾರ್ಕಿಗೆ ಎರಡೂವರೆ ಪುಟ ಅಂತ ನಾವೇ ಕಲಿಸಿದ್ದೇವೆ. ಅಳತೆಯಿಂದ ಬರೆದು ಬಂದವರು ಪ್ಯಾರಾಕ್ಕೂ ಅಳತೆ ಕೇಳುತ್ತಾರೆ.

ಪ್ಯಾರಾಗ್ರಾಫ್ ಅನ್ನುವುದು ಮೂಲದಲ್ಲಿ ಗ್ರೀಕ್ ಪದ. 'ಪಕ್ಕದಲ್ಲಿ ಬರೆದದ್ದು' ಅಂತ ಅರ್ಥ. ಹಳೇ ಗ್ರೀಕ್ ಬರಹಗಳಲ್ಲಿ ಮಾತು ಎಲ್ಲಿ ತಿರುಗುತ್ತದೋ, ಅಥವಾ ನಾಟಕದಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೋ, ಅಲ್ಲಿ ಮಾರ್ಜಿನ್ನಿನಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆಯುತ್ತಿದ್ದರು. ಆ ಗೆರೆಯ ಹೆಸರೇ ಮುಂದೆ ಬರಹದ ತುಣುಕಿಗೂ ಬಂತು. ಅಂದರೆ ಪ್ಯಾರಾ ಹುಟ್ಟಿದ್ದು ಸಾಲು ಎಣಿಸಲಿಕ್ಕಲ್ಲ, ಮಾತು ಇಲ್ಲಿ ತಿರುಗಿತು ಅಂತ ಓದುವವರಿಗೆ ಗುರುತು ಹೇಳಲಿಕ್ಕೆ.

ಕನ್ನಡದಲ್ಲಿ ಇದಕ್ಕೆ ಪರಿಚ್ಛೇದ ಅನ್ನುತ್ತಾರೆ, ಸುತ್ತಲೂ ಕತ್ತರಿಸಿ ಬೇರೆ ಮಾಡಿದ್ದು. ನನಗೆ ಜಾಸ್ತಿ ಇಷ್ಟ ಸರ್ಕಾರಿ ಕಡತಗಳಲ್ಲಿ ಉಳಿದುಕೊಂಡಿರುವ ಇನ್ನೊಂದು ಪದ: ಕಂಡಿಕೆ. 'ಕಂಡಿಕೆ 5ರಲ್ಲಿ ವಿವರಿಸಿದಂತೆ' ಅಂತ ಬರೆಯುತ್ತಾರಲ್ಲ, ಅದು. ಸಂಸ್ಕೃತದಲ್ಲಿ ಗ್ರಂಥದ ಸಣ್ಣ ಭಾಗಕ್ಕೆ ಈ ಹೆಸರಿದೆ. ಆದರೆ ಉತ್ತರ ಕರ್ನಾಟಕದ ನೇಕಾರರ ಮನೆಯ ಮಕ್ಕಳಿಗೆ ಕಂಡಿಕೆ ಅಂದರೆ ಬೇರೆಯೇ. ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕೊಳವೆ. ಎರಡೂ ಪದ ಒಂದೇ ಬೇರಿನವು ಅಂತ ನಾನು ಹೇಳುತ್ತಿಲ್ಲ. ಪಾಠ ಮಾಡಲಿಕ್ಕೆ ಮಾತ್ರ ಬಹಳ ಅನುಕೂಲ. ಒಂದು ಕಂಡಿಕೆಗೆ ಒಂದೇ ಬಣ್ಣದ ನೂಲು. ಬಣ್ಣ ಬದಲಾಗಬೇಕಾದರೆ ಕಂಡಿಕೆ ಬದಲಿಸಬೇಕು, ಅಷ್ಟೇ.

ಬಣ್ಣ ಕಲಸಿದರೆ ಹೇಗಿರುತ್ತದೆ ನೋಡಿ. 'ನಮ್ಮೂರಿನ ಸಾರಿಗೆ' ಅಂತ ವಿಷಯ ಕೊಟ್ಟಾಗ ಸಿಗುವ ಪ್ಯಾರಾ ಹೆಚ್ಚುಕಮ್ಮಿ ಹೀಗಿರುತ್ತದೆ:

"ಸಾರಿಗೆ ದೇಶದ ಬೆನ್ನೆಲುಬು. ನಮ್ಮೂರಿಗೆ ಬೆಳಿಗ್ಗೆ ಒಂದೇ ಬಸ್ಸು ಇದೆ. ಬಸ್ಸಿನಲ್ಲಿ ತುಂಬಾ ರಶ್ ಇರುತ್ತದೆ. ನಮ್ಮ ಕಾಲೇಜಿನಲ್ಲಿ ಒಳ್ಳೆಯ ಲೈಬ್ರರಿ ಇದೆ. ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಹೋಗುತ್ತದೆ. ಆದ್ದರಿಂದ ಸರ್ಕಾರ ಇದರ ಬಗ್ಗೆ ಗಮನ ಹರಿಸಬೇಕು."

ಒಂದೊಂದು ವಾಕ್ಯವೂ ಸರಿಯೇ. ವ್ಯಾಕರಣದ ತಪ್ಪು ಹುಡುಕಿದರೂ ಸಿಗದು. ಬರೆದ ಹುಡುಗಿಯನ್ನು ಕರೆದು ಕೇಳಿದೆ, "ನಿಂಗೆ ಏನು ಹೇಳ್ಬೇಕಿತ್ತಮ್ಮ?" ತಕ್ಷಣ ಹೇಳಿದಳು, "ಬಸ್ಸು ಒಂದೇ ಇರೋದ್ರಿಂದ ನಮ್ಗೆ ಅಟೆಂಡೆನ್ಸ್ ಹೋಗ್ತಿದೆ ಮೇಡಂ." "ಮತ್ತೆ ಅದನ್ನೇ ಯಾಕೆ ಬರೀಲಿಲ್ಲ?" ಸ್ವಲ್ಪ ಯೋಚಿಸಿ ಅಂದಳು, "ಅದು ಪ್ರಬಂಧದ ಥರ ಅನ್ನಿಸ್ಲಿಲ್ಲ."

ಕಾಯಿಲೆ ಇರುವುದು ಇಲ್ಲಿ. ಬಾಯಲ್ಲಿ ಹೇಳುವಾಗ ಮಾತು ನೆಟ್ಟಗೆ ಬರುತ್ತದೆ, ಪೆನ್ನು ಹಿಡಿದ ಕೂಡಲೇ ದೇಶದ ಬೆನ್ನೆಲುಬು ನೆನಪಾಗುತ್ತದೆ. ಹೈಸ್ಕೂಲಿನಲ್ಲಿ ಗಾದೆ ವಿಸ್ತರಿಸುವಾಗ 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತ ಶುರು ಮಾಡಿದವರೇ ಅಲ್ವಾ ನಾವೆಲ್ಲ? ಯಾವ ಗಾದೆಯ ತಲೆಗೂ ಹೊಂದುವ ಟೋಪಿ ಅದು. ಎಲ್ಲ ತಲೆಗೂ ಹೊಂದುತ್ತದೆ ಅಂದರೆ ಯಾವ ತಲೆಯದೂ ಅಲ್ಲ.

ಅವಳು ಬಾಯಲ್ಲಿ ಹೇಳಿದ್ದನ್ನೇ ಮೊದಲ ಸಾಲಾಗಿ ಇಟ್ಟು ಮತ್ತೆ ಬರೆಸಿದೆ:

"ಬೆಳಿಗ್ಗೆ ಒಂದೇ ಬಸ್ಸು ಇರುವುದರಿಂದ ನಮ್ಮೂರಿನವರಿಗೆ ಎಷ್ಟೋ ದಿನ ಮೊದಲ ಪೀರಿಯಡ್ ಸಿಗುವುದಿಲ್ಲ. ಬಸ್ಸು ಏಳೂಕಾಲಿಗೆ ಬರುತ್ತದೆ. ನಮ್ಮ ಸ್ಟಾಪ್ ಮುಟ್ಟುವಷ್ಟರಲ್ಲೇ ಬಾಗಿಲಲ್ಲಿ ಜನ ನೇತಾಡುತ್ತಿರುತ್ತಾರೆ. ಕೆಲವು ದಿನ ನಿಲ್ಲಿಸುವುದೇ ಇಲ್ಲ. ಆಗ ಮೇನ್ ರೋಡಿಗೆ ಮೂರು ಕಿಲೋಮೀಟರ್ ನಡೆದು ಬೇರೆ ಬಸ್ಸು ಹಿಡಿಯಬೇಕು. ಕಾಲೇಜಿಗೆ ಹೋಗುವ ಹೊತ್ತಿಗೆ ಹಾಜರಿ ಕೂಗಿ ಮುಗಿದಿರುತ್ತದೆ."

ಲೈಬ್ರರಿ ತಾನಾಗಿಯೇ ಬಿದ್ದುಹೋಯಿತು. ಸುಮ್ನೆ ನಿಂತಿದ್ದ 'ತುಂಬಾ ರಶ್' ಅನ್ನುವ ಮಾತಿಗೆ ಒಂದು ಕೆಲಸ ಸಿಕ್ಕಿತು, ಬಸ್ಸು ಯಾಕೆ ನಿಲ್ಲಲ್ಲ ಅನ್ನುವುದಕ್ಕೆ ಕಾರಣ ಅದೇ. ಮೂರು ಕಿಲೋಮೀಟರ್ ನಡೆಯುವ ವಿಷಯ ಮೊದಲ ಬರಹದಲ್ಲಿ ಇರಲೇ ಇಲ್ಲ. ಹೇಳಬೇಕಾದ್ದು ಏನು ಅಂತ ಗೊತ್ತಾದ ಮೇಲೆ ಅದು ಎಲ್ಲಿಂದಲೋ ಬಂತು.

ಇಡೀ ಪ್ಯಾರಾದ ಮಾತನ್ನು ಹೊತ್ತ ಆ ಸಾಲಿಗೆ ಇಂಗ್ಲಿಷ್ ಮೇಷ್ಟ್ರುಗಳು ಟಾಪಿಕ್ ಸೆಂಟೆನ್ಸ್ ಅನ್ನುತ್ತಾರೆ. ನಾನು ತಲೆಸಾಲು ಅನ್ನುತ್ತೇನೆ. ಪ್ಯಾರಾಕ್ಕೆ ಹೀಗೆ ನಿಯಮ ಕಟ್ಟಿಕೊಟ್ಟವರಲ್ಲಿ ಮುಖ್ಯನಾದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್, 1866ರ ಒಂದು ಪಠ್ಯದಲ್ಲಿ. ಪ್ಯಾರಾದ ಮೊದಲ ವಾಕ್ಯವೇ ವಿಷಯವನ್ನು ಸೂಚಿಸಬೇಕು ಅನ್ನುವುದು ಅವನ ನಿಯಮಗಳಲ್ಲೊಂದು. ನೂರು ವರ್ಷ ಎಲ್ಲರೂ ಅದನ್ನೇ ಪಾಠ ಮಾಡಿದರು. 1974ರಲ್ಲಿ ಅಮೆರಿಕದ ರಿಚರ್ಡ್ ಬ್ರಾಡಕ್ ಒಂದು ಕೆಲಸ ಮಾಡಿದ. ಪತ್ರಿಕೆಗಳಲ್ಲಿ ಬಂದ, ಪಳಗಿದ ಬರಹಗಾರರ 25 ಪ್ರಬಂಧಗಳನ್ನು ತೆಗೆದುಕೊಂಡು ಎಣಿಸಿಯೇ ಬಿಟ್ಟ. ತಲೆಸಾಲಿನಿಂದ ಶುರುವಾಗುವ ಪ್ಯಾರಾಗಳು ಶೇಕಡಾ 13 ಮಾತ್ರ!

ಹಾಗಾದರೆ ಈ ಪಾಠ ಬಿಟ್ಟುಬಿಡೋಣವೇ? ನಾನಂತೂ ಬಿಟ್ಟಿಲ್ಲ. ಈಜು ಕಲಿಯುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ತಲೆಸಾಲು ಹಾಗೆ. ಕೈಕಾಲು ಪಳಗಿದ ಮೇಲೆ ಬಿಚ್ಚಿಡಬಹುದು. ಸಾಲು ಕೊನೆಗೆ ಬರಲಿ, ನಡುವೆ ಬರಲಿ, ಬರದೇ ಇರಲಿ. ಓದಿ ಮುಗಿಸಿದವರು 'ಇದು ಇಂಥ ಮಾತು' ಅಂತ ಹೇಳುವಂತಿದ್ದರೆ ಸಾಕು. ಒಂದೇ ವಾಕ್ಯದ ಪ್ಯಾರಾ ಕೂಡ ಆಗುತ್ತದೆ.

ಅದನ್ನು ನೋಡಿಕೊಳ್ಳಲು ನಮ್ಮ ತರಗತಿಯಲ್ಲಿ ಗ್ರೀಕರ ಮಾರ್ಜಿನ್ನನ್ನೇ ಬಳಸುತ್ತೇವೆ. ಬರೆದು ಮುಗಿಸಿದ ಮೇಲೆ ಪ್ರತಿ ಪ್ಯಾರಾದ ಪಕ್ಕ ಅದರ ಮಾತನ್ನು ಪೆನ್ಸಿಲಿನಲ್ಲಿ ಒಂದು ಸಾಲಿಗೆ ಇಳಿಸಬೇಕು. ಇಳಿಯದಿದ್ದರೆ ಪ್ಯಾರಾದಲ್ಲಿ ಮಾತಿಲ್ಲ. 'ಮತ್ತು' ಹಾಕದೆ ಆಗಲ್ಲ ಅಂತಾದರೆ ಎರಡು ಮಾತಿವೆ, ಕತ್ತರಿಸಿ.

ಪ್ರಬಂಧದ ಕಷ್ಟ ಇನ್ನೊಂದು ಥರ. ಪ್ರಬಂಧ ಅಂದರೆ ಚೆನ್ನಾಗಿ ಕಟ್ಟಿದ್ದು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅನ್ನುವ ಮೂರು ಡಬ್ಬಿ ಎಲ್ಲರಿಗೂ ಬಾಯಿಪಾಠ. ಆದರೆ ನಡುವಿನ ಡಬ್ಬಿಯೊಳಗೆ ಯಾವುದರ ಹಿಂದೆ ಯಾವುದು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೆ ಕತ್ತರಿ ತರಿಸುತ್ತೇನೆ. ಬರೆದ ಪ್ರಬಂಧವನ್ನು ಪ್ಯಾರಾ ಪ್ಯಾರಾ ಕತ್ತರಿಸಿ, ಇಸ್ಪೀಟಿನ ಎಲೆ ಥರ ಕಲಸಿ, ಪಕ್ಕದವರ ಕೈಗೆ ಕೊಡಬೇಕು. ಅವರು ಜೋಡಿಸಬೇಕು. ಹೇಗೆ ಜೋಡಿಸಿದರೂ ನಡೆಯುತ್ತದೆ ಅಂತಾದರೆ ಅದು ಪ್ರಬಂಧ ಅಲ್ಲ, ಸಾಮಾನಿನ ಚೀಟಿ.

ಬಸ್ಸಿನ ಹುಡುಗಿಯ ಐದು ಚೀಟಿ ಅವಳ ಗೆಳತಿಗೆ ಹೋಗಿದ್ದವು. ಗೆಳತಿ ಎರಡು ಸಲ ಓದಿದಳು. ಮೂರು ಕಿಲೋಮೀಟರ್ ನಡೆಯುವ ಪ್ಯಾರಾವನ್ನು ಎತ್ತಿ ಎಲ್ಲಕ್ಕಿಂತ ಮೇಲಿಟ್ಟಳು. ದೇಶದ ಬೆನ್ನೆಲುಬಿನ ಪೀಠಿಕೆ ಇನ್ನೂ ಒಂದು ಚೀಟಿಯಾಗಿ ಉಳಿದೇ ಇತ್ತು. ಅದನ್ನು ಎಲ್ಲಿಡುವುದು ಅಂತ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು, "ಇದೆಲ್ಲಿಗೆ ಬರುತ್ತೇ?" ಬರೆದವಳು ಅದನ್ನು ಇಸಿದುಕೊಂಡು, ಹಾಳೆಯ ಹಿಂದೆ ಮುಂದೆ ನೋಡಿ, ಮಡಚಿ ಪೌಚಿನೊಳಗೆ ಹಾಕಿಕೊಂಡಳು. ಉಳಿದ ನಾಲ್ಕಕ್ಕೆ ಗಮ್ ಹಚ್ಚಿದಳು.