ಪದ ಪರಿಚಯ: ಯುವಿ ಸೂಚ್ಯಂಕ

ವಿಕಿರಣ ಎಂದೊಡನೆ ಕೈಗಾ ಸ್ಥಾವರವೋ ಆಸ್ಪತ್ರೆಯ ಎಕ್ಸ್‌ರೇ ಕೊಠಡಿಯೋ ನೆನಪಾಗುತ್ತದೆ. ನೆತ್ತಿಯ ಮೇಲಿನ ಸೂರ್ಯನನ್ನು ಆ ಸಾಲಿಗೆ ಸೇರಿಸುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾತ್ರ 1992ರಲ್ಲೇ ಬಿಸಿಲನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಕೆನಡಾದ ವಿಜ್ಞಾನಿಗಳು ಯುವಿ ಸೂಚ್ಯಂಕವನ್ನು ರೂಪಿಸಿದ್ದೂ ಅದೇ ವರ್ಷ. ಫೋನಿನ ಹವಾಮಾನ ಪುಟದಲ್ಲಿ ತಾಪಮಾನದ ಕೆಳಗೆ ಸಣ್ಣದಾಗಿ ಕಾಣುವ ಅಂಕಿ ಇದೇ.

ಅದು ಅಳೆಯುವುದು ಚರ್ಮವನ್ನು ಸುಡಬಲ್ಲ ನೇರಳಾತೀತ (ಅಲ್ಟ್ರಾವಯಲೆಟ್, ಅಂದರೆ ಯುವಿ) ಕಿರಣಗಳ ತೀವ್ರತೆಯನ್ನು. ಒಂದು ಚದರ ಮೀಟರಿಗೆ 25 ಮಿಲಿವ್ಯಾಟ್ ಬಿದ್ದರೆ ಸೂಚ್ಯಂಕ 1. ಎಲ್ಲ ಕಿರಣಗಳಿಗೂ ಲೆಕ್ಕದಲ್ಲಿ ಸಮಾನ ತೂಕವಿಲ್ಲ. 298 ನ್ಯಾನೋಮೀಟರ್ ತರಂಗದ ಕಿರಣಕ್ಕೆ ಪೂರ್ಣ ಬೆಲೆ ಕೊಟ್ಟರೆ, 340ರದಕ್ಕೆ ಸಾವಿರದಲ್ಲಿ ಒಂದರಷ್ಟು. ನೆಲ ಮುಟ್ಟುವ ನೇರಳಾತೀತದಲ್ಲಿ ಶೇ 95ರಷ್ಟು ಉದ್ದ ತರಂಗದ ಯುವಿ-ಎ ಆದರೂ ಅಂಕಿಯನ್ನು ಏರಿಸುವುದು ಮುಖ್ಯವಾಗಿ ಉಳಿದ ಚೂರುಪಾರು, ಗಿಡ್ಡ ತರಂಗದ ಯುವಿ-ಬಿ. ಸೂಚ್ಯಂಕ 2ರವರೆಗೆ ಚಿಂತೆಯಿಲ್ಲ. 3ರಿಂದ ರಕ್ಷಣೆ ಬೇಕು. 8 ಮುಟ್ಟಿದರೆ ಅತಿ ಹೆಚ್ಚು. 11 ಮತ್ತು ಅದಕ್ಕೂ ಮೇಲಿನದಕ್ಕೆ ಸೂಚ್ಯಂಕದ ಪಟ್ಟಿಯಲ್ಲಿ ನೇರಳೆ ಬಣ್ಣ. ಮೋಡವಿಲ್ಲದ ಏಪ್ರಿಲ್‌ನಲ್ಲಿ ನಮ್ಮ ನಡುಹಗಲು ಈ ನೇರಳೆ ಪಟ್ಟಿಯಲ್ಲೇ ಇರುತ್ತದೆ. ದಿನವೂ ಬಾರಿಸುವ ಎಚ್ಚರಿಕೆಯ ಗಂಟೆಗೆ ಯಾರು ಕಿವಿಗೊಡುತ್ತಾರೆ?

ಬಿಸಿಲಿನ ಝಳವನ್ನೇ ಅಳತೆಗೋಲು ಮಾಡಿಕೊಂಡಿರುವುದು ನಮ್ಮ ದೊಡ್ಡ ತೊಡಕು. ಝಳವನ್ನು ಮೈ ಅರಿಯುತ್ತದೆ, ನೇರಳಾತೀತವನ್ನು ಅರಿಯುವುದಿಲ್ಲ. ಸೆಕೆ ಹೆಚ್ಚುವುದು ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ; ನೇರಳಾತೀತ ಶಿಖರ ಮುಟ್ಟುವುದು ಸೂರ್ಯ ಅತಿ ಎತ್ತರದಲ್ಲಿರುವಾಗ, ಬೆಂಗಳೂರಿನಲ್ಲಿ ಸುಮಾರು ಹನ್ನೆರಡೂ ಕಾಲಿಗೆ. ಕಿರಣ ಓರೆಯಾಗಿ ಬಂದಷ್ಟೂ ಓಝೋನ್ ಪದರದಲ್ಲಿ ಅದರ ದಾರಿ ಉದ್ದವಾಗಿ, ಯುವಿ-ಬಿ ಅಲ್ಲೇ ಹೀರಿಹೋಗುತ್ತದೆ. ಹಾಗಾಗಿ ಇಲ್ಲಿ ಎಣಿಕೆಗೆ ಬರುವುದು ಸೂರ್ಯನ ಎತ್ತರ, ದೂರವಲ್ಲ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿ ಆರಂಭದಲ್ಲಿ, ನಮಗೆ ಚಳಿ ಇರುವಾಗ. ಋತುಗಳನ್ನು ಆಳುವುದು ಭೂಮಿಯ ಅಕ್ಷದ 23.5 ಡಿಗ್ರಿ ವಾಲು.

ಆ ವಾಲಿನಿಂದಾಗಿ ಕರ್ನಾಟಕದ ಮೇಲೆ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ಶೂನ್ಯ ನೆರಳಿನ ದಿನಗಳೆಂದು ಶಾಲೆಗಳಲ್ಲಿ ಕಂಬ ನೆಟ್ಟು ತೋರಿಸುವುದು ಇವನ್ನೇ. ಬೀದರ್‌ಗೆ ಮೊದಲ ಸರದಿ ಮೇ ಎರಡನೇ ವಾರದಲ್ಲಿ. ಏಪ್ರಿಲ್‌ನ ಸೂರ್ಯನಿಗೆ ಕೊಡೆ ಬಿಚ್ಚುವ ನಾವು ಆಗಸ್ಟ್‌ನವನನ್ನು ಮಳೆಗಾಲವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಟ್ಟ ಮೋಡ ಕಿರಣವನ್ನು ತಡೆಯುವುದು ನಿಜ. ತೆಳು ಮೋಡವನ್ನು ದಾಟಿ ಶೇ 80ರವರೆಗೂ ಬರಬಹುದು. ಬಿಡಿಬಿಡಿ ಮೋಡಗಳ ಅಂಚು ಬೆಳಕನ್ನು ಚದುರಿಸಿ ಕೆಲವೊಮ್ಮೆ ಅಂಕಿಯನ್ನು ಏರಿಸುವುದೂ ಉಂಟು.

ಇನ್ನು ಡಿಸೆಂಬರ್. ತಿಂಗಳ ಕೊನೆಯ ಭಾಗದಲ್ಲೂ ಬೆಂಗಳೂರಿನ ನಡುಹಗಲ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಆಗ 15 ಡಿಗ್ರಿ, ಸೂಚ್ಯಂಕ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಚಳಿಗಾಲದ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲ. ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ಸೇವಿಸುವುದನ್ನು ಪರಿಗಣಿಸಬೇಕೆಂದು ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸೂಚ್ಯಂಕ ಎರಡು ಕಾಲದಲ್ಲಿ ಎರಡು ಬೇರೆ ಸಲಹೆಗಳನ್ನು ಕೊಡುತ್ತದೆ ಎಂದಾಯಿತು.

ಫೋನಿಗಿಂತ ನನಗೆ ನಂಬಿಕೆ ನೆರಳಿನ ಮೇಲೆ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ. ಮರದಡಿ ಸರಿಯುವ ಹೊತ್ತು. ಬೆಂಗಳೂರಿನಲ್ಲಿ ಈ ಪರೀಕ್ಷೆಯಂತೆ ವರ್ಷದ ಎಲ್ಲ ದಿನವೂ ನಡುಹಗಲಿಗೆ ರಕ್ಷಣೆ ಬೇಕು. ಎತ್ತರಕ್ಕೆ ಹೋದರೆ ಪ್ರತಿ ಸಾವಿರ ಮೀಟರಿಗೆ ಶೇ 10ರಿಂದ 12ರಷ್ಟು ನೇರಳಾತೀತ ಸೇರಿಸಿಕೊಳ್ಳಿ. ಹಿಮಾಲಯಕ್ಕೆ ಚಾರಣ ಹೋಗುವವರಿಗೆ ಹೊಸ ಹಿಮ ಶೇ 80ರವರೆಗೆ ಕಿರಣವನ್ನು ಕೆಳಗಿನಿಂದಲೂ ಎರಚುತ್ತದೆ, ಅಲ್ಲಿ ಟೊಪ್ಪಿಯಷ್ಟೇ ಸಾಲದು.

ಕಪ್ಪು ಚರ್ಮಕ್ಕೆ ಇದೆಲ್ಲ ಯಾಕೆ ಎಂಬ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸುಡುವಿಕೆಯನ್ನೂ ಚರ್ಮದ ಕ್ಯಾನ್ಸರನ್ನೂ ಬಹಳ ಮಟ್ಟಿಗೆ ತಡೆಯುತ್ತದೆ. ಆದರೆ ಚರ್ಮದ ಬಣ್ಣ ಕಣ್ಣನ್ನು ಕಾಯುವುದಿಲ್ಲ; ವರ್ಷಗಟ್ಟಲೆ ಬಿಸಿಲಲ್ಲಿ ದುಡಿಯುವವರಿಗೆ ಪೊರೆ ಬರುವ ಕಾರಣಗಳಲ್ಲಿ ನೇರಳಾತೀತವೂ ಒಂದು. ತೊನ್ನಿರುವವರು, ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣವಿಲ್ಲದವರು ಬೇಗ ಸುಟ್ಟುಕೊಳ್ಳುತ್ತಾರೆ. ದುಬಾರಿ ಕ್ರೀಮಿಗಿಂತ ಮೊದಲು ಬೇಕಾದದ್ದು ತುಂಬುತೋಳಿನ ಅಂಗಿ, ಯುವಿ ತಡೆಯುವ ಕನ್ನಡಕ, ಅಗಲ ಅಂಚಿನ ಟೊಪ್ಪಿ. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ತಲೆಯನ್ನು ಚೆನ್ನಾಗಿ ಕಾಯುತ್ತದೆ, ಕಿವಿ ಮತ್ತು ಕತ್ತಿಗೆ ಮಾತ್ರ ಮೇಲೊಂದು ಬೈರಾಸು ಬೇಕು.